ಒಡೆತನಕ್ಕೆ ದಕ್ಕಿದ ಸೂರ್ಯ

2023ರ ಜನವರಿ 5ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಆದೇಶವೊಂದು ಜೈನ ಸಮಾಜದ ನೆನಪಿನಲ್ಲಿ ಬಹುಕಾಲ ಉಳಿಯತಕ್ಕದ್ದು. ಪಾರಸನಾಥ ಬೆಟ್ಟದ ಸುತ್ತಣ ಪರಿಸರ ಸೂಕ್ಷ್ಮ ವಲಯದಲ್ಲಿ ಪ್ರವಾಸೋದ್ಯಮದ ಚಟುವಟಿಕೆಗಳನ್ನು ತಡೆಹಿಡಿಯಬೇಕೆಂದು ಅದು ಜಾರ್ಖಂಡ್ ಸರ್ಕಾರಕ್ಕೆ ಸೂಚಿಸಿತು. 2019ರ ಆಗಸ್ಟ್‌ನಲ್ಲಿ ಹೊರಟಿದ್ದ ಅಧಿಸೂಚನೆ ಮೂರು ವರ್ಷಗಳ ಕಾಲ ಯಾರ ಗಮನಕ್ಕೂ ಬಾರದೆ ಕಡತದಲ್ಲಿತ್ತು. ಮುಂಬಯಿ, ದೆಹಲಿ, ಅಹಮದಾಬಾದುಗಳ ಬೀದಿಗಳಲ್ಲಿ ಸಮಾಜ ಮೆರವಣಿಗೆ ಹೊರಟ ಕೆಲವೇ ವಾರಗಳಲ್ಲಿ ಆ ಕಡತ ತೆರೆಯಿತು. 2011ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಶೇಕಡ ಅರ್ಧದಷ್ಟೂ ಇಲ್ಲದ ಸಮುದಾಯ, ತಾನು ಮನಸ್ಸು ಮಾಡಿದರೆ ಕೇಂದ್ರ ಸರ್ಕಾರದ ನೀತಿಯನ್ನು ತಿದ್ದಿಸಬಲ್ಲೆನೆಂದು ಅಂದು ತೋರಿಸಿಕೊಟ್ಟಿತು.

ಆ ಬೆಟ್ಟವಿರುವುದು ಗಿರಿಡೀಹ್ ಜಿಲ್ಲೆಯಲ್ಲಿ. ಅದೇ ಜಿಲ್ಲೆಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಕಲ್ಲಿದ್ದಲನ್ನು ಅಗೆಯಲಾಗುತ್ತಿದೆ. ನೆರೆಯ ಧನಬಾದ್ ಜಿಲ್ಲೆಯ ಝರಿಯಾದಲ್ಲಿ 1916ರಷ್ಟು ಹಿಂದೆಯೇ ನೆಲದಡಿಯ ಕಲ್ಲಿದ್ದಲಿಗೆ ಹತ್ತಿದ ಬೆಂಕಿ ಇಂದಿಗೂ ಪೂರ್ತಿ ಆರಿಲ್ಲ. ಆ ಬೆಂಕಿಯ ಮೇಲೆ ಮನೆ ಕಟ್ಟಿಕೊಂಡ ಕುಟುಂಬಗಳಿವೆ; ಬಿರುಕು ಬಿಟ್ಟ ನೆಲದಿಂದ ಹೊಗೆಯೇಳುವ ಬೀದಿಗಳಲ್ಲಿ ಮಕ್ಕಳು ಬೆಳೆಯುತ್ತಾರೆ. ಧನಬಾದಿನ ಮಾರ್ಗವಾಗಿ ಶಿಖರ್ಜಿಗೆ ಹೋಗಿಬರುವ ಯಾತ್ರಿಕರ ರೈಲು ಈ ಸೀಮೆಯನ್ನು ಹಾದೇ ಹೋಗುತ್ತದೆ. ಭೂಮಿಯ ಒಳಗೆ ನೂರು ವರ್ಷಗಳಿಂದ ಉರಿಯುತ್ತಿರುವ ಅಗ್ನಿ, ಅಗ್ನಿಕಾಯಿಕ ಜೀವಗಳ ವಿಷಯದಲ್ಲಿ ಅಷ್ಟೊಂದು ಸೂಕ್ಷ್ಮ ವಿಚಾರ ನಡೆಸಿದ ಧರ್ಮದ ಅನುಯಾಯಿಗಳಿಗೆ ಕಿಟಕಿಯಾಚೆಯ ನೋಟವಾಗಿಯಷ್ಟೇ ಉಳಿದಿದೆ. ಬೆಟ್ಟಕ್ಕಾಗಿ ಬೀದಿಗಿಳಿದ ಸಮಾಜ ಬೆಟ್ಟದ ಬುಡದ ಜನರ ಕುರಿತು, ಅವರು ಅಗೆದ ಕಲ್ಲಿದ್ದಲಿನಿಂದ ಉರಿಯುವ ದೀಪದ ಕುರಿತು, ಆ ಕಲ್ಲಿದ್ದಲು ನಿಂತ ದಿನ ಅವರ ಗತಿಯೇನೆಂಬುದರ ಕುರಿತು ಒಂದು ಮನವಿಪತ್ರವನ್ನಾದರೂ ಬರೆಯಬಹುದಿತ್ತು.

ಇದಕ್ಕೆ ಸಮಾಜದ ಮುಖಂಡರಲ್ಲಿ ಈಗೊಂದು ಸಿದ್ಧ ಉತ್ತರವಿದೆ. ಬಸದಿಯ ತಾರಸಿಯ ಮೇಲೆ ಸೌರಫಲಕ ಹಾಕಿಸಿದ್ದೇವೆ, ಯಾತ್ರಿನಿವಾಸಕ್ಕೆ ಸೌರವಿದ್ಯುತ್ತೇ ಬರುತ್ತಿದೆ, ವಿದ್ಯಾರ್ಥಿ ವಸತಿಗೃಹದ ಬಿಸಿನೀರೂ ಬಿಸಿಲಿನದೇ ಎಂದು ಅವರು ಹೇಳುತ್ತಾರೆ. ಫಲಕಗಳ ಪಕ್ಕದಲ್ಲಿ ದಾನಿಗಳ ಹೆಸರು ಕೊರೆದ ಅಮೃತಶಿಲೆಯ ಹಲಗೆಯೂ ಇರುತ್ತದೆ. ಹಾಕಿಸಿದ್ದು ಒಳ್ಳೆಯದೇ, ಕಲ್ಲಿದ್ದಲಿಗಿಂತ ಬಿಸಿಲು ಮೇಲೆಂಬುದರಲ್ಲಿ ವಿವಾದವಿಲ್ಲ. ಆದರೆ ಅಷ್ಟಕ್ಕೇ ಅಹಿಂಸೆಯ ಲೆಕ್ಕ ಚುಕ್ತಾ ಆಯಿತೆಂದು ತಿಳಿಯುವುದು ಜೈನಶಾಸ್ತ್ರದ ಲೆಕ್ಕವನ್ನೇ ಮರೆತಂತೆ. ತತ್ವಾರ್ಥಸೂತ್ರದ ಆರನೆಯ ಅಧ್ಯಾಯ ಜೀವಕ್ಕೆ ಸೇರಿದ ಆಸ್ರವದ ಆಧಾರಗಳನ್ನು ನೂರೆಂಟಾಗಿ ಎಣಿಸುತ್ತದೆ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನ, ವಚನ, ಕಾಯಗಳೆಂಬ ಮೂರರಿಂದಲೂ, ಅದನ್ನು ಕೃತ, ಕಾರಿತ, ಅನುಮತಗಳೆಂಬ ಮೂರರಿಂದಲೂ, ಕೊನೆಗೆ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ ಬರುವ ಸಂಖ್ಯೆ ಅದು. ಜಪಮಾಲೆ ಎಣಿಸುವ ಮನೆಗಳಲ್ಲಿ ಈ ಲೆಕ್ಕ ಮಕ್ಕಳಿಗೂ ಗೊತ್ತು. ತಾನು ಮಾಡಿದ್ದು ಮಾತ್ರವಲ್ಲದೆ ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರನ್ನು ಕಂಡು ಒಪ್ಪಿ ಸುಮ್ಮನಿದ್ದದ್ದು ಕೂಡ ತನ್ನ ಖಾತೆಗೇ ಬರುತ್ತದೆ. ಇಂದಿನ ಕಾಲದಲ್ಲಿ ಹಿಂಸೆಯ ದೊಡ್ಡ ಪಾಲು ಕಾರಿತ ಮತ್ತು ಅನುಮತದ ಸಾಲಿನಲ್ಲಿದೆ. ಅದು ನಡೆಯುವುದು ಸರ್ಕಾರದ ನೀತಿಯ ಮೂಲಕ, ಆ ನೀತಿ ನಡೆಯುವುದು ಕಂಪ್ಯೂಟರಿನ ದಾಖಲೆಯ ಮೂಲಕ. ಆದ್ದರಿಂದ ಶುದ್ಧ ಇಂಧನದ ನೀತಿ ಯಾರಿಗೆ ಏನು ಕೊಡುತ್ತದೆ, ಯಾರಿಂದ ಏನು ಕಸಿಯುತ್ತದೆ ಎಂಬುದನ್ನು ನೋಡದೆ ಫಲಕದ ಕೆಳಗೆ ಕೈಮುಗಿದು ನಿಲ್ಲುವಂತಿಲ್ಲ.

ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಬಹುದು. ಅಲ್ಲಿನ ನಿಡುಗಲ್ಲು ಬೆಟ್ಟದ ಮೇಲೆ ಹದಿಮೂರನೆಯ ಶತಮಾನದಲ್ಲಿ ಪಾರ್ಶ್ವಜಿನ ಬಸದಿಯಿದ್ದುದನ್ನು ಶಾಸನ ಹೇಳುತ್ತದೆ. ಈ ನೆಲಕ್ಕೂ ಕನ್ನಡ ಜೈನರಿಗೂ ನಂಟು ಹೊಸದಲ್ಲ. ಬರಕ್ಕೆ ಹೆಸರಾದ ಆ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯ ಮೇಲೆ ಇಂದು 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ನಿಂತಿದೆ. ಮೊದಲ ಹಂತ 2018ರಲ್ಲಿ ಆರಂಭವಾಯಿತು, 2019ರ ಕೊನೆಯ ಹೊತ್ತಿಗೆ ಪೂರ್ಣಗೊಂಡಿತು. ಇದಕ್ಕೆ ಸರ್ಕಾರ ಭೂಮಿಯನ್ನು ವಶಪಡಿಸಿಕೊಳ್ಳಲಿಲ್ಲ. ರೈತರಿಂದ ದೀರ್ಘಾವಧಿಯ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ. ನೆಲ ಕಳೆದುಕೊಳ್ಳದೆ ಬಾಡಿಗೆ ತಿನ್ನುವ ಈ ಏರ್ಪಾಡನ್ನು ದೇಶವೆಲ್ಲ ಮಾದರಿಯೆಂದು ಹೊಗಳಿತು. ಭೂಸ್ವಾಧೀನದ ಹೆಸರಿನಲ್ಲಿ ರೈತರನ್ನು ಒಕ್ಕಲೆಬ್ಬಿಸಿದ ಹಿಂದಿನ ಯೋಜನೆಗಳ ಮುಂದೆ ಇದು ಮೇಲೇ ಸರಿ.

ಆದರೆ ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಪಹಣಿ ಇರುವುದು ಗಣಕದಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಕರ್ನಾಟಕದ ‘ಭೂಮಿ’ ಯೋಜನೆ ಇಡೀ ದೇಶಕ್ಕೆ ಮೇಲ್ಪಂಕ್ತಿಯಾಯಿತು. ಪಹಣಿಗಾಗಿ ಗ್ರಾಮಲೆಕ್ಕಿಗನ ಮನೆಗೆ ಎಡತಾಕುವ ಕಷ್ಟ ಅದರಿಂದ ತಪ್ಪಿತು. ಅದನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಅದೇ ಯೋಜನೆಗೆ ಇನ್ನೊಂದು ಮುಖವೂ ಇದೆ. ಆ ದಾಖಲೆಯ ಅಂಕಣಗಳಲ್ಲಿ ಒಡೆಯನ ಹೆಸರಿದೆ, ವಿಸ್ತೀರ್ಣವಿದೆ, ಸಾಲದ ಋಣವಿದೆ. ಅದೇ ಹೊಲದಲ್ಲಿ ಶೇಂಗಾ ಕಿತ್ತು ಕೂಲಿ ಪಡೆಯುತ್ತಿದ್ದವಳ ಹೆಸರಿಗೆ ಅಂಕಣವಿಲ್ಲ. ಕೊಯ್ಲಾದ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೂ, ಬಾಯಿಮಾತಿನ ಕೋರಿಗೆ ಹೊಲ ಮಾಡುತ್ತಿದ್ದವನಿಗೂ ಇಲ್ಲ. ಸೌರ ಉದ್ಯಾನ ಬಂದಾಗ ಗುತ್ತಿಗೆಯ ಪಟ್ಟಿ ಆ ದಾಖಲೆಯಿಂದಲೇ ತಯಾರಾಯಿತು; ದಾಖಲೆಯಲ್ಲಿ ಇಲ್ಲದವರು ಪಟ್ಟಿಯಲ್ಲೂ ಇರಲಿಲ್ಲ. 13,000 ಎಕರೆಗೆ ಮೊದಲ ದರದಲ್ಲಿ ವರ್ಷಕ್ಕೆ ಸುಮಾರು 27 ಕೋಟಿ ರೂಪಾಯಿ ಆ ಊರುಗಳಿಗೆ ಬರುತ್ತದೆ. ಹತ್ತಾರು ಎಕರೆಯವನಿಗೆ ಅದು ಕುಳಿತಲ್ಲಿಗೆ ಬರುವ ಆದಾಯ. ಎರಡೆಕರೆಯವನಿಗೆ ತಿಂಗಳಿಗೆ 3,500 ರೂಪಾಯಿ. ನೆಲವಿಲ್ಲದವನಿಗೆ ಸೊನ್ನೆ, ಜೊತೆಗೆ ಇದ್ದ ಕೂಲಿಯೂ ಇಲ್ಲ. ಉದ್ಯಾನದೊಳಗೆ ಕಾವಲು, ಹುಲ್ಲು ಕೊಯ್ಯುವುದು, ಫಲಕ ಒರೆಸುವುದು ಎಂಬ ಕೆಲಸಗಳು ಉಂಟು. ಬಿತ್ತನೆಯಿಂದ ಒಕ್ಕಣೆಯವರೆಗೆ ಒಂದು ಹೊಲ ಎಷ್ಟು ಕೈಗಳಿಗೆ ಕೆಲಸ ಕೊಡುತ್ತಿತ್ತೋ ಅಷ್ಟು ಕೈಗಳು ಗಾಜಿನ ಹೊಲಕ್ಕೆ ಬೇಕಾಗಿಲ್ಲ.

ಒಡೆಯನಿಗಾದರೂ ಈ ಲೆಕ್ಕ ಎಷ್ಟು ಕಾಲ ಲಾಭದ್ದು ಎಂಬುದನ್ನು ವ್ಯಾಪಾರ ಬಲ್ಲ ಸಮಾಜ ಒಂದು ಕ್ಷಣ ಯೋಚಿಸಬೇಕು. ಎರಡು ವರ್ಷಕ್ಕೆ ಶೇಕಡ 5 ಎಂದರೆ ವರ್ಷಕ್ಕೆ ಎರಡೂವರೆಯಷ್ಟು. ಬೆಲೆಯೇರಿಕೆಯನ್ನು ಶೇಕಡ 4ರಲ್ಲಿ ಹಿಡಿದಿಡುವುದು ರಿಸರ್ವ್ ಬ್ಯಾಂಕಿಗೆ ಗೊತ್ತುಪಡಿಸಿದ ಗುರಿ. ಗುರಿ ಪೂರ್ತಿ ಈಡೇರಿತೆಂದೇ ಇಟ್ಟುಕೊಂಡರೂ 25 ವರ್ಷಗಳ ಕೊನೆಗೆ 21,000 ರೂಪಾಯಿಯ ಮೌಲ್ಯ ಉಳಿಯಬೇಕಾದರೆ ಬಾಡಿಗೆ ಸುಮಾರು 56,000 ಆಗಬೇಕು. ಒಪ್ಪಂದದ ಪ್ರಕಾರ ಅದು 38,000ವನ್ನೂ ಮುಟ್ಟುವುದಿಲ್ಲ. ಮುಂಬಯಿಯಲ್ಲೋ ಪುಣೆಯಲ್ಲೋ ಅಂಗಡಿಯ ಮಳಿಗೆಯನ್ನು ಬಾಡಿಗೆಗೆ ಕೊಡುವ ಯಾವ ಜೈನ ವರ್ತಕ 25 ವರ್ಷಕ್ಕೆ ಇಂಥ ಕರಾರಿಗೆ ಸಹಿ ಹಾಕುತ್ತಾನೆ? ತನಗೆ ಒಗ್ಗದ ಕರಾರನ್ನು ಬರಪೀಡಿತ ರೈತ ಒಪ್ಪಿದಾಗ ಅದು ‘ಮಾದರಿ’ಯಾಗುವುದು ಹೇಗೆಂದು ಆತನೇ ಹೇಳಲಿ.

ಇಷ್ಟೆಲ್ಲ ಪಾವಗಡದ ಕಥೆಯಾಯಿತು, ಪರಊರಿನ ಕನ್ನಡ ಜೈನ ಕುಟುಂಬಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳುವವರು ತಮ್ಮ ಮನೆಯ ಮೀಟರಿನ ಪೆಟ್ಟಿಗೆಯನ್ನು ನೋಡಿಕೊಳ್ಳಬಹುದು.

2021ರಲ್ಲಿ ಕೇಂದ್ರ ಸರ್ಕಾರ 3,03,758 ಕೋಟಿ ರೂಪಾಯಿಯ ವಿದ್ಯುತ್ ವಿತರಣಾ ಸುಧಾರಣಾ ಯೋಜನೆಯನ್ನು ಒಪ್ಪಿಕೊಂಡಿತು. ದೇಶದಲ್ಲಿ 25 ಕೋಟಿ ಸ್ಮಾರ್ಟ್ ಮೀಟರ್ ಹಾಕುವುದು ಅದರ ಮುಖ್ಯ ಅಂಗ. ತಿಂಗಳಿಗೊಮ್ಮೆ ಬಂದು ಅಂಕಿ ಬರೆದುಕೊಂಡು ಹೋಗುತ್ತಿದ್ದ ಮನುಷ್ಯನ ಜಾಗದಲ್ಲಿ, ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಒಮ್ಮೆ ಬಳಕೆಯನ್ನು ದಾಖಲಿಸಿ ರವಾನಿಸುವ ಯಂತ್ರ ಬಂದಿತು. 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿಯಾಗಿ, ಹೊತ್ತಿಗೊಂದು ದರವೆಂಬ ಪದ್ಧತಿ ಅದರ ಹಿಂದೆಯೇ ಬಂದಿತು. ಬಿಸಿಲಿನ ಹೊತ್ತಿನಲ್ಲಿ ದರ ಮಾಮೂಲಿಗಿಂತ ಶೇಕಡ 20ರಷ್ಟಾದರೂ ಕಡಿಮೆಯಿರಬೇಕು. ಬೇಡಿಕೆ ಏರುವ ಹೊತ್ತಿನಲ್ಲಿ ದೊಡ್ಡ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ ಶೇಕಡ 20ರಷ್ಟು, ಉಳಿದವರಿಗೆ ಶೇಕಡ 10ರಷ್ಟಾದರೂ ಹೆಚ್ಚಿರಬೇಕು. ಮೊದಲ ವರ್ಗಕ್ಕೆ 2024ರ ಏಪ್ರಿಲ್, ಕೃಷಿಯ ಹೊರತು ಉಳಿದೆಲ್ಲರಿಗೆ 2025ರ ಏಪ್ರಿಲ್ ಗಡುವಾಯಿತು. ಜಾರಿಯ ವೇಗ ರಾಜ್ಯದಿಂದ ರಾಜ್ಯಕ್ಕೆ ಬೇರೆಯಿದ್ದರೂ ಹೊರಟ ದಿಕ್ಕು ಒಂದೇ.

ತರ್ಕವೇನೋ ಸರಿಯಾಗಿಯೇ ಇದೆ. ಸೂರ್ಯ ಹಗಲಿನಲ್ಲಿ ಮಾತ್ರ ವಿದ್ಯುತ್ ಕೊಡುತ್ತಾನೆ. ಸಂಜೆ ಊರೆಲ್ಲ ದೀಪ ಹಚ್ಚುವ ಹೊತ್ತಿಗೆ ಅವನಿಲ್ಲ. ಆಗ ಮತ್ತೆ ಕಲ್ಲಿದ್ದಲೇ ಗತಿ. ಬಳಕೆಯನ್ನು ಹಗಲಿಗೆ ಸರಿಸಿದಷ್ಟೂ ಕಲ್ಲಿದ್ದಲು ಉಳಿಯುತ್ತದೆ. ರಾತ್ರಿಭೋಜನ ತ್ಯಾಗದ ಮನೆಗಳಿಗೆ ಇದರಲ್ಲೊಂದು ವಿನೋದವೂ ಕಂಡೀತು. ಸೂರ್ಯಾಸ್ತದೊಳಗೆ ಅಡುಗೆ ಮುಗಿಸಿ ಊಟ ಮಾಡಿ ಪಾತ್ರೆ ತೊಳೆದಿಡುವ ಶ್ರಾವಕನ ಮನೆಗೆ, ಎರಡು ಸಾವಿರ ವರ್ಷಗಳ ಹಿಂದಿನ ನಿಯಮಕ್ಕಾಗಿ ಇಪ್ಪತ್ತೊಂದನೆಯ ಶತಮಾನದ ಮೀಟರು ರಿಯಾಯಿತಿ ಕೊಡುತ್ತದೆ! ವ್ರತಕ್ಕೆ ವಿಜ್ಞಾನದ ಮುದ್ರೆ ಬಿತ್ತೆಂದು ಸಭೆಗಳಲ್ಲಿ ಚಪ್ಪಾಳೆ ತಟ್ಟುವವರೂ ಇದ್ದಾರು.

ಅದೇ ಮನೆಯಲ್ಲಿ ಪಾತ್ರೆ ತೊಳೆದುಕೊಡುವ ಬಾಯಿ ಚೆಂಬೂರಿನ ಚಾಳಿನ ಒಂದೇ ಕೋಣೆಯ ತನ್ನ ಮನೆಗೆ ತಲುಪುವುದು ಸಂಜೆ ಏಳರ ಮೇಲೆ. ಅವಳ ಫ್ಯಾನು ತಿರುಗುವುದು ಆಗ, ಮಿಕ್ಸಿ ಓಡುವುದು ಆಗ, ಮಕ್ಕಳ ಓದಿನ ದೀಪ ಉರಿಯುವುದು ಆಗ. ತನ್ನ ಹಗಲನ್ನು ಅವಳು ಬೇರೆಯವರಿಗೆ ಮಾರಿದ್ದಾಳೆ. ಬಳಕೆಯನ್ನು ಹಗಲಿಗೆ ಸರಿಸೆಂದು ಅವಳಿಗೆ ಹೇಳುವುದು ಕ್ರೂರವಾದ ಹಾಸ್ಯ. ಹೊತ್ತಿನ ದರದಲ್ಲಿ ರಿಯಾಯಿತಿ ಸಿಗುವುದು ತನ್ನ ಹೊತ್ತಿಗೆ ತಾನೇ ಒಡೆಯನಾದವನಿಗೆ. ನೀತಿ ಮಾಡುವವರು ಇದನ್ನು ತಿಳಿಯದವರಲ್ಲ. ಕಡಿಮೆ ಬಳಕೆಯ ಮನೆಗಳನ್ನು ಸಂಜೆಯ ಹೆಚ್ಚಳದಿಂದ ಹೊರಗಿಡುವುದು ಯಂತ್ರಕ್ಕೆ ಕಷ್ಟದ ಕೆಲಸವೂ ಅಲ್ಲ. ಕೇಳುವವರು ಬೇಕು, ಅಷ್ಟೆ. ಕೇಳಿದರೆ ಆಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರವೇ ಸಾಕ್ಷಿ. ಮುಂಗಡ ಹಣ ಕಟ್ಟಿ ವಿದ್ಯುತ್ ಬಳಸುವ ಮೀಟರುಗಳನ್ನು ಗ್ರಾಹಕ ಸಂಘಗಳೂ ಕಾರ್ಮಿಕ ಸಂಘಟನೆಗಳೂ ವಿರೋಧಿಸಿದ ಮೇಲೆ 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸಾಮಾನ್ಯ ಗ್ರಾಹಕರಿಗೆ ಅವನ್ನು ಹಾಕುವುದಿಲ್ಲವೆಂದು ಹೇಳಬೇಕಾಯಿತು. ಆ ವಿರೋಧದಲ್ಲಿ ದನಿಗೂಡಿಸಿದ್ದರೆ ಅಪರಿಗ್ರಹದ ಮಾತನಾಡುವ ಸಂಘಗಳಿಗೆ ಭೂಷಣವಾಗುತ್ತಿತ್ತು.

ಅರ್ಧ ಗಂಟೆಗೊಮ್ಮೆಯ ಆ ಅಂಕಿಗಳ ಮಾತು ಬೇರೆಯೇ ಇದೆ. ಮನೆಯವರು ಯಾವಾಗ ಏಳುತ್ತಾರೆ, ಯಾವಾಗ ಊರಿಗೆ ಹೋಗಿದ್ದಾರೆ, ಸೊಸೆ ರಾತ್ರಿ ಎಷ್ಟು ಹೊತ್ತಿನವರೆಗೆ ಎಚ್ಚರವಿರುತ್ತಾಳೆ ಎಂಬುದನ್ನೆಲ್ಲ ಅವುಗಳಿಂದ ಊಹಿಸಬಹುದು. ಖಾಸಗಿ ದತ್ತಾಂಶದ ರಕ್ಷಣೆಗೆ 2023ರಲ್ಲಿ ಕಾನೂನು ಬಂದಿದೆ. ಅದರ ಬಲ ಗ್ರಾಹಕನ ಕೈಗೆ ಎಷ್ಟು ಬರುತ್ತದೆಂಬುದು ಅದನ್ನು ಓದಿ ಪ್ರಶ್ನಿಸುವವರ ಸಂಖ್ಯೆಯ ಮೇಲೆ ನಿಂತಿದೆ. ಬೆಂಗಳೂರು, ಪುಣೆ, ಹೈದರಾಬಾದುಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ಜೈನ ಯುವಕರಿಗೆ ಇದು ಅರ್ಥವಾಗದ ವಿಷಯವೇನಲ್ಲ.

ಇನ್ನು ಛಾವಣಿಯ ವಿಷಯ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಗೆ 75,021 ಕೋಟಿ ರೂಪಾಯಿ ತೆಗೆದಿಡಲಾಯಿತು. ಒಂದು ಕೋಟಿ ಮನೆಗಳ ಮೇಲೆ ಫಲಕ ಹಾಕುವುದು ಗುರಿ. ಮನೆಗೆ 3 ಕಿಲೋವಾಟಿನವರೆಗೆ 78,000 ರೂಪಾಯಿಯ ಸಹಾಯಧನವಿದೆ. ಅರ್ಜಿ ಹಾಕುವುದು ಅಂತರ್ಜಾಲದ ಜಾಲತಾಣದಲ್ಲಿ. ಸಹಾಯಧನ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ನಡುವೆ ಕೈಬಿಸಿ ಮಾಡಬೇಕಾದ ಗುಮಾಸ್ತನಿಲ್ಲ. ಇಲ್ಲಿಯೂ ಡಿಜಿಟಲ್ ವ್ಯವಸ್ಥೆ ತನ್ನ ಮಟ್ಟಿಗೆ ಚೊಕ್ಕವಾಗಿದೆ. ಆದರೆ ಅರ್ಹತೆಯ ಮೊದಲ ಸಾಲೇ ಸ್ವಂತ ಮನೆ, ಫಲಕಕ್ಕೆ ತಕ್ಕ ಛಾವಣಿ. ಬಾಡಿಗೆಯವನಿಗೆ ಇದರಲ್ಲಿ ಸ್ಥಾನವಿಲ್ಲ, ಜೋಪಡಿಯವನಿಗಂತೂ ಇಲ್ಲವೇ ಇಲ್ಲ. ಫಲಕ ಹಾಕಿಸಿಕೊಂಡ ಅನುಕೂಲಸ್ಥ ಹಗಲು ಹೆಚ್ಚಾದ ಯೂನಿಟ್ಟನ್ನು ಜಾಲಕ್ಕೆ ಕೊಟ್ಟು, ಸಂಜೆ ಅದನ್ನೇ ಲೆಕ್ಕದಲ್ಲಿ ವಾಪಸು ಪಡೆದು, ತನ್ನ ಬಿಲ್ಲನ್ನು ಸೊನ್ನೆಗೆ ಇಳಿಸಿಕೊಳ್ಳುತ್ತಾನೆ. ತಂತಿ, ಕಂಬ, ಟ್ರಾನ್ಸ್‌ಫಾರ್ಮರುಗಳ ಖರ್ಚು ಮಾತ್ರ ಇಳಿಯುವುದಿಲ್ಲ. ಅದು ಫಲಕವಿಲ್ಲದವರ ನಡುವೆ ಹಂಚಿಹೋಗುತ್ತದೆ. ಚಾಳಿನ ಆ ಬಾಯಿಯ ಬಿಲ್ಲಿನಲ್ಲಿ ಅದರದೊಂದು ಪಾಲು ಸೇರಿರುತ್ತದೆ.

ಪಾವಗಡದಲ್ಲಿ ನೆಲದ ಒಡೆಯನಿಗೆ ಬಾಡಿಗೆ, ಮೀಟರಿನಲ್ಲಿ ಹಗಲಿನ ಒಡೆಯನಿಗೆ ರಿಯಾಯಿತಿ, ಛಾವಣಿಯ ಒಡೆಯನಿಗೆ ಸಹಾಯಧನ. ಯಾರದೂ ಅಲ್ಲದ ಸೂರ್ಯ ಗಣಕದ ದಾಖಲೆಯನ್ನು ಹಾದು ಬರುವಷ್ಟರಲ್ಲಿ ಒಡೆತನವುಳ್ಳವರಿಗೆ ಮಾತ್ರ ದಕ್ಕುವವನಾಗುತ್ತಾನೆ. ಜೈನ ಪರಿಭಾಷೆಯಲ್ಲಿ ಹೇಳಬೇಕಾದರೆ ಈ ನೀತಿ ಪರಿಗ್ರಹಕ್ಕೆ ಬಹುಮಾನ ಕೊಡುತ್ತಿದೆ. ಸಮಾಜ ಆ ಬಹುಮಾನವನ್ನು ಸ್ವೀಕರಿಸಿ, ಅದಕ್ಕೆ ಧರ್ಮದ ಹೆಸರಿಟ್ಟು, ಅಮೃತಶಿಲೆಯ ಹಲಗೆ ಹಾಕಿಸುತ್ತಿದೆ.

ಜೀವದಯೆಯ ಮಾತೂ ಹೀಗೆಯೇ ಆಗಿದೆ. ದೆಹಲಿಯ ಕೆಂಪುಕೋಟೆಯ ಎದುರು ದಿಗಂಬರ ಜೈನ ಲಾಲ್ ಮಂದಿರದ ಹಕ್ಕಿಗಳ ಆಸ್ಪತ್ರೆ ಜಗತ್ತಿಗೇ ಗೊತ್ತು. ರಾಜಸ್ಥಾನ, ಗುಜರಾತುಗಳ ಬಯಲಿನಲ್ಲಿ ಸೌರ ಮತ್ತು ಗಾಳಿ ವಿದ್ಯುತ್ತನ್ನು ಸಾಗಿಸುವ ತಂತಿಗಳಿಗೆ ಬಡಿದು ಗ್ರೇಟ್ ಇಂಡಿಯನ್ ಬಸ್ಟರ್ಡ್, ಕನ್ನಡದ ಎರೆಭೂತ, ಅಳಿವಿನ ಅಂಚಿಗೆ ಬಂದಿದೆ. ಉಳಿದಿರುವುದು ನೂರೈವತ್ತರ ಒಳಗೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಇವೆ. ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ಆದೇಶಿಸಿದ್ದ ಸುಪ್ರೀಂ ಕೋರ್ಟು 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ, ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವುದು ನಾಗರಿಕರ ಹಕ್ಕೆಂದೂ ಅದೇ ತೀರ್ಪಿನಲ್ಲಿ ಹೇಳಿತು. ಹಕ್ಕಿಯ ಪ್ರಾಣವೂ ಶುದ್ಧ ಇಂಧನವೂ ಎದುರುಬದುರಾದ ಧರ್ಮಸಂಕಟ ಅದು. ಆಸ್ಪತ್ರೆಯಿಂದ ಆ ನ್ಯಾಯಾಲಯಕ್ಕೆ ಹೆಚ್ಚು ದೂರವಿಲ್ಲ. ಗಾಳಿಪಟದ ದಾರ ತಗುಲಿದ ಪಾರಿವಾಳಕ್ಕೆ ಮುಲಾಮು ಹಚ್ಚುವ ಕರುಣೆ ನಿಜವಾದದ್ದೇ. ತಂತಿ ಎಲ್ಲಿ ಹಾಯಬೇಕೆಂಬ ಮಾತಿನಲ್ಲೂ ಆ ಕರುಣೆಗೆ ದನಿಯಿರಬೇಕಿತ್ತು. ಕನ್ನಡ ಜೈನ ಸಂಘಗಳ ವೇದಿಕೆಗಳಲ್ಲಿ ಆ ಪ್ರಕರಣದ ಹೆಸರು ಕೇಳಿಬಂದದ್ದು ವಿರಳ.

ಧಾರ್ಮಿಕ ಸಂಘಗಳಿಗೆ ರಾಜಕೀಯ ಸಲ್ಲದೆಂಬ ಆಕ್ಷೇಪ ಇದಕ್ಕೆ ಬಂದೇ ಬರುತ್ತದೆ. ಅದನ್ನು ಎತ್ತುವವರು 2014ರ ಜನವರಿಯಲ್ಲಿ ಕೇಂದ್ರದಿಂದ ಅಲ್ಪಸಂಖ್ಯಾತ ಸ್ಥಾನಮಾನ ಹೇಗೆ ಬಂತೆಂಬುದನ್ನೂ, ಶಿಖರ್ಜಿಯ ಮೆರವಣಿಗೆಗಳನ್ನು ಯಾರು ಕರೆದರೆಂಬುದನ್ನೂ ನೆನಪಿಸಿಕೊಳ್ಳಲಿ. ತನ್ನ ಸ್ವತ್ತಿಗೆ, ತನ್ನ ಸ್ಥಾನಕ್ಕೆ ಕುತ್ತು ಬಂದಾಗ ರಾಜಕೀಯ ಸಲ್ಲುತ್ತದೆ, ಪಾತ್ರೆ ತೊಳೆಯುವವಳ ಬಿಲ್ಲಿನ ಮಾತು ಬಂದಾಗ ಸಲ್ಲದು ಎನ್ನುವುದಾದರೆ ಅದು ವೈರಾಗ್ಯವಲ್ಲ. ಇನ್ನು ಕೆಲವರು, ತೆರಿಗೆ ಕಟ್ಟುತ್ತೇವೆ, ದಾನ ಕೊಡುತ್ತೇವೆ, ಇನ್ನೇನು ಬೇಕೆಂದು ಕೇಳುತ್ತಾರೆ. ಚತುರ್ವಿಧ ದಾನಗಳ ಪರಂಪರೆ ದೊಡ್ಡದು. ಆದರೆ ಎಡಗೈ ಬಿಲ್ಲಿನಲ್ಲಿ ಉಳಿಸಿದ್ದನ್ನು ಬಲಗೈ ದಾನವೆಂದು ಕೊಟ್ಟಾಗ ಯಾರ ಹಣ ಯಾರ ಕೈಗೆ ಹೋಯಿತೆಂದು ಕೇಳಿಕೊಳ್ಳುವ ಪ್ರಾಮಾಣಿಕತೆ ಅದಕ್ಕಿಂತ ಚಿಕ್ಕದಲ್ಲ.

ಬಳಕೆಯ ಮಾತನ್ನು ಎತ್ತದೆ ಒಡೆತನದ ಮಾತನ್ನಷ್ಟೇ ಆಡುವುದು ಅರ್ಧ ಸತ್ಯ. ಪಂಚಕಲ್ಯಾಣದ ಮಂಟಪಗಳಲ್ಲಿ ಇಂದು ತಂಪುಗಾಳಿಯ ಯಂತ್ರಗಳು, ಮುಗಿಲೆತ್ತರದ ಎಲ್‌ಇಡಿ ಪರದೆಗಳು, ಹಗಲಿನಲ್ಲೂ ಉರಿಯುವ ದೀಪಗಳ ತೋರಣಗಳು. ಪ್ರವಚನ ನೇರಪ್ರಸಾರವಾಗಿ ಹತ್ತು ದೇಶಗಳಿಗೆ ಹೋಗುತ್ತದೆ. ಅದನ್ನು ಶೇಖರಿಸಿಡುವ ದತ್ತಾಂಶ ಕೇಂದ್ರಗಳು ನವಿ ಮುಂಬಯಿ, ಚೆನ್ನೈ, ಹೈದರಾಬಾದುಗಳಲ್ಲಿ ಹಗಲಿರುಳೂ ವಿದ್ಯುತ್ ಹೀರುತ್ತವೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಲ್ಲಿ 2024ರಲ್ಲಿ ಪ್ರಪಂಚದ ವಿದ್ಯುತ್ತಿನ ಸುಮಾರು ಶೇಕಡ 1.5ರಷ್ಟು ಇಂಥ ಕೇಂದ್ರಗಳಿಗೆ ಹೋಯಿತು. 2030ರ ಹೊತ್ತಿಗೆ ಆ ಬಳಕೆ ಇಮ್ಮಡಿಗೂ ಮೀರಬಹುದು. ಶ್ರಾವಕರಿಗೆ ಭೋಗೋಪಭೋಗ ಪರಿಮಾಣವೆಂಬ ವ್ರತವಿದೆ. ಊಟದಲ್ಲಿ ಎಷ್ಟು ಪದಾರ್ಥ, ಪೆಟ್ಟಿಗೆಯಲ್ಲಿ ಎಷ್ಟು ವಸ್ತ್ರವೆಂದು ಎಣಿಸಿ ನಿಯಮ ಹಿಡಿಯುವ ಹಿರಿಯರು ಇಂದಿಗೂ ಮನೆಮನೆಯಲ್ಲಿದ್ದಾರೆ. ತಿಂಗಳಿಗೆ ಇಷ್ಟು ಯೂನಿಟ್ಟು ಮಾತ್ರವೆಂದು ನಿಯಮ ಹಿಡಿದವರು ಎಷ್ಟು ಮಂದಿ? ಆ ಎಣಿಕೆಗಾದರೂ ಸ್ಮಾರ್ಟ್ ಮೀಟರು ಒದಗೀತು. ಅರ್ಧ ಗಂಟೆಗೊಮ್ಮೆ ಲೆಕ್ಕ ಒಪ್ಪಿಸುವ ಇಂಥ ಸಾಧನ ಹಿಂದಿನ ಯಾವ ವ್ರತಿಗೂ ಸಿಕ್ಕಿರಲಿಲ್ಲ.

ಸಂಘಗಳ ಕೈಯಲ್ಲಿ ಇನ್ನೊಂದು ದಾರಿಯೂ ಇದೆ. ಒಂದು ಛಾವಣಿಯ ಮೇಲೆ ಉತ್ಪಾದಿಸಿದ ವಿದ್ಯುತ್ತನ್ನು ಬೇರೆ ಬೇರೆ ಮನೆಗಳ ಬಿಲ್ಲುಗಳಲ್ಲಿ ಲೆಕ್ಕಕ್ಕೆ ಹಿಡಿಯುವ ವರ್ಚುವಲ್ ನೆಟ್ ಮೀಟರಿಂಗ್ ಪದ್ಧತಿಗೆ ದೆಹಲಿಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2019ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸ್ವಂತ ಛಾವಣಿಯಿಲ್ಲದವನಿಗೂ ಸೂರ್ಯನಲ್ಲಿ ಪಾಲು ಕೊಡುವ ವಿಧಾನ ಅದು. ದೊಡ್ಡ ನಗರಗಳಲ್ಲಿ ಜೈನ ಟ್ರಸ್ಟುಗಳ ಬಸದಿ, ಧರ್ಮಶಾಲೆ, ಕಲ್ಯಾಣಮಂಟಪ, ವಿದ್ಯಾರ್ಥಿ ನಿಲಯಗಳ ತಾರಸಿಗಳು ಸಣ್ಣವಲ್ಲ. ಮದುವೆಯಿಲ್ಲದ ದಿನಗಳಲ್ಲಿ ಕಲ್ಯಾಣಮಂಟಪದ ಫಲಕ ಯಾರಿಗಾಗಿ ವಿದ್ಯುತ್ ಹುಟ್ಟಿಸಬೇಕು? ಅಲ್ಲಿನ ಕಸ ಗುಡಿಸುವವರ, ಅಡುಗೆಯವರ, ಕಾವಲುಗಾರರ ಮನೆಗಳ ಬಿಲ್ಲಿಗೆ ಅದು ಜಮೆಯಾಗುವುದಾದರೆ ಅಮೃತಶಿಲೆಯ ಹಲಗೆಯೂ ಇರಲಿ, ದಾನಿಯ ಹೆಸರೂ ಇರಲಿ. ನಿಯಮವಿರುವ ಕಡೆ ಸಂಘ ಅದನ್ನು ಬಳಸಬೇಕು. ಇಲ್ಲದ ಕಡೆ ಆಯೋಗದ ಮುಂದೆ ಹೋಗಿ ಕೇಳಬೇಕು. ಪಾವಗಡದಂಥ ಉದ್ಯಾನಗಳ ವಿಷಯದಲ್ಲೂ ಭೂರಹಿತ ಕುಟುಂಬಗಳಿಗೆ ಗುತ್ತಿಗೆಯ ಹಣದ ಹೊರತಾಗಿ ನಿಗದಿತ ಪಾಲು ಸಿಗಬೇಕೆಂದು, ಬಾಡಿಗೆಯ ಏರಿಕೆ ಬೆಲೆಯೇರಿಕೆಯ ಜೊತೆಗೆ ಹೋಗಬೇಕೆಂದು ಕರ್ನಾಟಕ ಸರ್ಕಾರದೊಡನೆ ಮಾತನಾಡಬಲ್ಲ ಜೈನ ಶಾಸಕರು, ಉದ್ಯಮಿಗಳು, ಮಠಗಳ ಭಟ್ಟಾರಕ ಸ್ವಾಮೀಜಿಯವರು ಇದ್ದಾರೆ.

ಕೇಳುವ ಜಾಗ ಎಲ್ಲಿದೆಯೆಂದು ಹುಡುಕಬೇಕಾಗಿಯೂ ಇಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೆಯ ಕಲಮಿನ ಪ್ರಕಾರ ದರ ನಿಗದಿಯ ಅರ್ಜಿಯನ್ನು ಪ್ರಕಟಿಸಬೇಕು; ಸಾರ್ವಜನಿಕರಿಂದ ಬಂದ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆಯೇ ಆಯೋಗ ಆದೇಶ ಕೊಡಬೇಕು. ಬರೆದು ಕಳಿಸುವುದಕ್ಕೆ ವಕೀಲನಾಗಬೇಕಾಗಿಲ್ಲ. ಮುಂಬಯಿ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರುಗಳಲ್ಲಿ ಇಂಥ ಆಯೋಗಗಳಿವೆ. ಅವುಗಳ ಮುಂದೆ ಕೈಗಾರಿಕೆಗಳ ಸಂಘಗಳು ಅಂಕಿಅಂಶಗಳ ಕಟ್ಟು ಹಿಡಿದು ತಪ್ಪದೆ ಹಾಜರಾಗುತ್ತವೆ. ಆ ಸಂಘಗಳ ಪರವಾಗಿ ಮಾತನಾಡಲು ಎದ್ದು ನಿಲ್ಲುವವರಲ್ಲಿ ಜೈನ ಹೆಸರುಗಳಿಗೆ ಎಂದೂ ಕೊರತೆಯಾಗಿಲ್ಲ. ಮುಂದಿನ ದರ ಪರಿಷ್ಕರಣೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದ ದಿನ ಸಂಘದ ಕಾರ್ಯಕಾರಿ ಸಮಿತಿ ಸೇರಿ, ಸಂಜೆಯ ದರದ ಕುರಿತು ಒಂದು ಪುಟದ ಆಕ್ಷೇಪಣೆಯನ್ನು ಬರೆದು, ಪಾತ್ರೆ ತೊಳೆಯುವ ಆ ಬಾಯಿಯ ಬಿಲ್ಲಿನ ಪ್ರತಿ ಲಗತ್ತಿಸಿ ಕಳಿಸಲಿ.